ಮೋರಿ ಪಾಲಾದ ಮಿಶ್ರಣ

ಬೆಳಿಗ್ಗೆ ಎಂಟೂವರೆಗೆ ವೈನರಿಯ ಒಡತಿ ಠಾಣೆಗೆ ಬಂದರು. ಮೂರು ಬಗೆಯ ದ್ರಾಕ್ಷಿಯ ಕೆಂಪು ವೈನ್ ಬೆರೆಸಿ, ಫ್ರಾನ್ಸಿನ ಬೋರ್ಡೋ ಶೈಲಿಯಲ್ಲಿ ಮಾಡಿದ್ದ ಹೊಸ ಮಿಶ್ರಣದ ಪೀಪಾಯಿಯನ್ನು ರಾತ್ರಿ ಯಾರೋ ಬರಿದು ಮಾಡಿದ್ದರು. ಅದನ್ನು ರುಚಿ ನೋಡಿ ಅಂಕ ಕೊಡಬೇಕಾದ ಪರೀಕ್ಷಕಿ ಆಗಲೇ ವೈನರಿಗೆ ಬಂದು ಕೂತಿದ್ದರು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

ಒಡತಿ ಕೈಚೀಲದ ಪಟ್ಟಿ ತಿರುಚಿದರು. "ನೆಲಮಾಳಿಗೆ ಬೀಗ ಒಡೆದಿಲ್ಲ ಸಾರ್. ಬೀಗದ ಕೈ ಇರೋದು ಇಬ್ಬರ ಹತ್ರ. ಒಬ್ಬರು ವೈನ್ ಬೆರೆಸೋ ನಮ್ಮ ಮೇಷ್ಟ್ರು. ಇನ್ನೊಬ್ಬ ನನ್ನ ಮೈದುನ. ನಿನ್ನೆ ನನಗೂ ಅವನಿಗೂ ಜಗಳ ಆಯ್ತು. ಈ ವೈನ್ ಮೋರಿಗೆ ಹೋಗ್ಲಿ ಅಂದುಬಿಟ್ಟ."

"ಹೆಸರು ಬರೆಸ್ತೀರಾ?"

"ಎತ್ತಿ ಆಡಿಸಿದ ಕೂಸು ಸಾರ್ ಅವನು. ಅವನೇ ಆಗಿದ್ರೆ ನಮ್ಮ ಮನೆ ಎರಡಾಗುತ್ತೆ."

ಎಫ್‌ಐಆರ್‌ನಲ್ಲಿ 'ಅಪರಿಚಿತರು' ಎಂದೇ ದಾಖಲಾಯಿತು. ಹಾಗೆ ಬರೆದ ಪೇದೆಗೂ ಅದು ಅಷ್ಟೇನೂ ಅಪರಿಚಿತ ಅನ್ನಿಸಲಿಲ್ಲ.

ಒಂಬತ್ತೂವರೆಗೆ ನೆಲಮಾಳಿಗೆಯ ಪಂಚನಾಮೆ. ಬೀಗ ಸರಿಯಾಗಿದೆ, ನಲ್ಲಿ ಪೂರ್ತಿ ತಿರುಗಿಸಿದೆ, ನೆಲ ಒದ್ದೆ. ಪೀಪಾಯಿಯ ತಳದಲ್ಲಿ ಉಳಿದಿದ್ದನ್ನು ಎರಡು ಶೀಶೆಗೆ ತುಂಬಿ ಒಂದಕ್ಕೆ ಮೊಹರು ಹಾಕಿದರು.

"ನೀನೇ ನಲ್ಲಿ ಬಿಟ್ಟೆಯಾ?" ಇನ್‌ಸ್ಪೆಕ್ಟರ್ ಮೈದುನನನ್ನು ಕೇಳಿದರು.

"ನಂದು ಬಾಯಿ ಜೋರು ಸಾರ್, ಕೈಯಲ್ಲ," ಎಂದ ಮೈದುನ. ಅತ್ತಿಗೆಯ ಮುಖ ನೋಡಲಿಲ್ಲ.

ವೈನ್ ಮೊದಲೇ ಕೆಟ್ಟಿತ್ತೇ ಎಂಬುದು ಮುಂದಿನ ಪ್ರಶ್ನೆ. ಎಲ್ಲರೂ ರುಚಿ ನೋಡುವ ಕೋಣೆಗೆ ಹೋದರು. ಬಿಳಿ ಗೋಡೆ, ಬಿಳಿ ಮೇಜು, ಉಗಿಯಲು ಒಂದು ಬಕೆಟ್. ಮೊಹರು ಹಾಕದ ಶೀಶೆಯಿಂದ ಬಗ್ಗಿಸಿದ ಲೋಟ ಎತ್ತಿದ ಪರೀಕ್ಷಕಿ ಹಾಗೇ ಇಳಿಸಿ ಮೂಗು ಮುಚ್ಚಿಕೊಂಡರು. ನೆಗಡಿಯಾಗಿದ್ದ ಹೆಡ್ ಕಾನ್‌ಸ್ಟೆಬಲ್ ಹಣೆತುಂಬ ಘಾಟು ಮುಲಾಮು ಬಳಿದುಕೊಂಡು ಬಂದಿದ್ದರು.

"ನಮ್ಮ ಮೇಷ್ಟ್ರು ಸೋಪಿನ ವಾಸನೆ ಬಂದ್ರೂ ಆಚೆ ಅಟ್ತಾರೆ," ಮೈದುನ ಗೊಣಗಿದ.

ಹೆಡ್ ಪಾಪ, ಹೊರಗೆ ಹೋದರು. ಆದರೆ ಅಷ್ಟು ಹೊತ್ತೂ ಅವರ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಮೇಷ್ಟ್ರು ಹುಬ್ಬು ಕೂಡ ಗಂಟಿಕ್ಕಿರಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು.

ಪರೀಕ್ಷಕಿ ಲೋಟ ಓರೆ ಮಾಡಿ ಬಣ್ಣ ನೋಡಿದರು, ಆಡಿಸಿ ಮೂಸಿದರು, ಒಂದು ಗುಟುಕು ಬಾಯಲ್ಲಿ ಹೊರಳಿಸಿ ಉಗಿದರು. ಮತ್ತೆ ಮೂಸಿದರು.

"ನೇರಳೆ ಹಣ್ಣು, ಆಗಷ್ಟೇ ಕೆತ್ತಿದ ಪೆನ್ಸಿಲ್, ಚೂರು ಹೊಗೆಸೊಪ್ಪು. ಒಗರಿದೆ, ಆದ್ರೆ ನಾಲಿಗೆ ಕಚ್ಚಲ್ಲ. ಮೂರರಲ್ಲಿ ಯಾವುದೂ ಇನ್ನೊಂದರ ತಲೆ ಮೇಲೆ ಕೂತಿಲ್ಲ. ಈ ವರ್ಷ ನಾನು ನೋಡಿದ್ದರಲ್ಲಿ ಇದೇ ಚೆನ್ನ. ಅಯ್ಯೋ, ಇದನ್ನ ಯಾರಾದ್ರೂ ಚೆಲ್ತಾರಾ?"

"ನಿಜವಾಗ್ಲೂ ಚೆನ್ನಾಗಿದೆಯಾ?" ಕೇಳಿದವರು ಮೇಷ್ಟ್ರು. "ಹಸಿ ಸೌದೆ ವಾಸನೆ ಇಲ್ವಾ?"

ಚೆನ್ನಾಗಿದೆ ಅಂತ ಗೊತ್ತಿದ್ದವರು ಚೆಲ್ಲುವುದಿಲ್ಲ. ಇನ್‌ಸ್ಪೆಕ್ಟರ್ ಅವರ ಕಡೆ ತಿರುಗಿದರು.

"ಬೆರೆಸಿದವರು ನೀವು. ನಿಮಗೇ ಗೊತ್ತಿಲ್ವಾ?"

ಮೇಷ್ಟ್ರು ಕುರ್ಚಿ ಎಳೆದು ಕೂತರು. "ಬೇಸಿಗೆಯಲ್ಲಿ ಜ್ವರ ಬಂತು. ಹೋಗೋವಾಗ ವಾಸನೆನೂ ಕರಕೊಂಡು ಹೋಯ್ತು. ಮೂಗಿನಿಂದಲೇ ಬದುಕಿದವನು ನಾನು, ಯಾರ ಹತ್ರ ಹೇಳ್ಲಿ? ಹಳೇ ನೆನಪಿನ ಮೇಲೆ ಬೆರೆಸಿದೆ. ಇವತ್ತು ಎಲ್ಲರೆದುರು ಮಾನ ಹೋಗುತ್ತೆ ಅಂತ ರಾತ್ರಿ ನಾನೇ ನಲ್ಲಿ ತಿರುಗಿಸಿದೆ. ಹುಡುಗನ ತಲೆಗೆ ಬರುತ್ತೆ ಅಂತ ಹೊಳೀಲೇ ಇಲ್ಲ."

ಒಡತಿ ಮೈದುನನ ತೋಳು ಹಿಡಿದುಕೊಂಡು ಅತ್ತರು. ಬೈಯುತ್ತಲೇ ಅತ್ತರು. ಅವನೂ ಕಣ್ಣು ಒರೆಸಿಕೊಂಡು, "ಹೋಗ್ಲಿ ಬಿಡಿ ಅತ್ತಿಗೆ," ಎಂದ.

ಹನ್ನೊಂದೂಕಾಲಿಗೆ, ಆಸ್ತಿಗೆ ನಷ್ಟ ಮಾಡಿದ ಆರೋಪದ ಮೇಲೆ ಮೇಷ್ಟ್ರ ಬಂಧನವಾಯಿತು. ಹೋದದ್ದು ಬೆರೆಸಿದ್ದ ಒಂದು ಪೀಪಾಯಿ ಮಾತ್ರ. ಮೂರೂ ವೈನ್ ಬೇರೆ ಬೇರೆ ಪೀಪಾಯಿಗಳಲ್ಲಿ ಹಾಗೇ ಇದ್ದವು. ಕೇಸು ಕೇಸೇ, ಉಳಿದದ್ದನ್ನು ಕೋರ್ಟಿನಲ್ಲಿ ಹೇಳಿಕೊಳ್ಳಿ ಎಂದು, ದೂರು ವಾಪಸ್ ತಗೊಳ್ಳಲು ಬಂದ ಒಡತಿಗೆ ಇನ್‌ಸ್ಪೆಕ್ಟರ್ ತಿಳಿಸಿದರು.

ಮೈದುನ ಜೀಪಿನವರೆಗೂ ಬಂದ. "ಮೇಷ್ಟ್ರೇ, ಜಾಮೀನಿಗೆ ಮಧ್ಯಾಹ್ನ ಬರ್ತೀನಿ. ಮತ್ತೆ ಬೆರೆಸೋಣ. ನಾನು ಮೂಸಿ ಹೇಳ್ತೀನಿ, ನೀವು ಯಾವುದು ಎಷ್ಟು ಪಾಲು ಅಂತ ಹೇಳಿ."

ಬರೀ ಭಯಕ್ಕೆ ತನ್ನ ಒಳ್ಳೆಯ ಕೆಲಸವನ್ನು ತಾನೇ ಚೆಲ್ಲಿದ್ದ ಮನುಷ್ಯ ಜೀಪು ಹತ್ತಿ ಕೂತರು. ತಾನು ಆರೋಪಿ ಎಂಬುದನ್ನೂ ಮರೆತು ಗದರಿದರು: "ಸೋಪು ಹಾಕ್ಕೊಂಡು ಬರಬೇಡ."