ಬೀರುವಿನ ಮೇಲಿನ ಕತ್ತೆ

"ಕೋರ್ಟಣ್ಣಾ, ನನ್ನ ಕತ್ತೆ ಕಳುವಾಗಿದೆ!"

ಬಾಗಿಲಲ್ಲಿ ನಿಂತ ಕೆಳಮನೆಯ ಟೀಚರಮ್ಮನಿಗೆ ಮೆಟ್ಟಿಲು ಹತ್ತಿದ ಏದುಸಿರು. ನಾನು ಕುರ್ಚಿ ಎಳೆದುಕೊಟ್ಟೆ. ಕೋರ್ಟಣ್ಣನೆಂದರೆ ಮಹಡಿಯ ಕೋಣೆಯಲ್ಲಿ ನನ್ನ ಜೊತೆಗಿದ್ದವನು. ಕೋರ್ಟಿನಲ್ಲಿ ಗುಮಾಸ್ತನಾಗಿ ಸವೆದು ಬಂದ ಮೇಲೆ, ನಮ್ಮ ಕಟ್ಟಡದಲ್ಲಿ ಏನೇ ಕಳೆದರೂ ಹುಡುಕಿಕೊಡುವುದು ಅವನ ಪಾಲಿಗೆ ಬಂದಿತ್ತು. ನಾನು ಹೊಲಿಗೆ ಬಿಟ್ಟ ದರ್ಜಿ. ನಮ್ಮವರೆನ್ನುವವರು ಇಬ್ಬರಿಗೂ ಇರಲಿಲ್ಲವಾಗಿ ಒಂದೇ ಒಲೆ ಹಚ್ಚುತ್ತಿದ್ದೆವು.

ಕತ್ತೆಯೆಂದರೆ ಒಂದು ಚಿತ್ರ. ಟೀಚರಮ್ಮನ ತಮ್ಮ ಹೆಸರುವಾಸಿ ಚಿತ್ರಗಾರ. ಅವನು ಬರೆಯುವುದರಲ್ಲಿ ಮನುಷ್ಯ, ಮರ, ಮನೆ ಒಂದೂ ಇರುವುದಿಲ್ಲ. ಬರೀ ಬಣ್ಣದ ಪಟ್ಟೆ, ಚೌಕ. ಜನ ಅದಕ್ಕೇ ಮುಗಿಬೀಳುತ್ತಿದ್ದರಂತೆ. ಆದರೆ ಮೀಸೆ ಮೂಡುವ ವಯಸ್ಸಿನಲ್ಲಿ, ಅಕ್ಕ ಜ್ವರದಲ್ಲಿ ಮಲಗಿದ್ದಾಗ, ಕಿಟಕಿಯಾಚೆ ನಿಲ್ಲುತ್ತಿದ್ದ ಕತ್ತೆಯನ್ನು ಬರೆದುಕೊಟ್ಟಿದ್ದ. ಗಂಡ ತೀರಿಹೋದ ಮೇಲೆ ಟೀಚರಮ್ಮ ಅದನ್ನು ಬೀರುವಿನ ಮೇಲೆ ಗೋಡೆಗೆ ಒರಗಿಸಿಟ್ಟು ದಿನಾ ಮಾತಾಡಿಸುತ್ತಿದ್ದರು.

"ಪೊಲೀಸ್ ಬೇಡ, ನಗ್ತಾರೆ," ಎಂದರು. "ಅದು ವಾಪಸ್ ಬಂದ್ರೆ ಸಾಕು. ಅದಿಲ್ದೆ ಆ ಕೋಣೇಲಿ ಕೂರಕ್ಕೇ ಆಗ್ತಿಲ್ಲ."

ಕೆಳಗೆ ಹೋಗಿ ನೋಡಿದೆವು. ಬೀಗ ಮುರಿದಿರಲಿಲ್ಲ. ಹಿಂದಿನ ದಿನ ಬಂದವರು ಮೂವರು. ಬೆಳಗ್ಗೆ ಕಣ್ಣಿಗೆ ಔಷಧಿ ಹಾಕುವ ನರ್ಸಮ್ಮ, ಮಧ್ಯಾಹ್ನ ಚಿತ್ರಪ್ರದರ್ಶನ ನಡೆಸುವ ಗ್ಯಾಲರಿಯವರು, ಸಂಜೆ ತಮ್ಮ. ಔಷಧಿ ಬಿದ್ದರೆ ರಾತ್ರಿಯವರೆಗೂ ಟೀಚರಮ್ಮನಿಗೆ ಎಲ್ಲ ಮಬ್ಬು. ಬೀರು ಬೋಳಾದದ್ದು ಕಂಡದ್ದು ಮರುದಿನ ಎದ್ದಾಗಲೇ.

"ಗ್ಯಾಲರಿಯವರು ಮುಂಚೆ ಬಂದಿದ್ರಾ?" ಕೋರ್ಟಣ್ಣ ಕೇಳಿದ.

"ಇಲ್ಲ, ನಿನ್ನೆಯೇ ಮೊದಲು. ತಮ್ಮ ಮಾತ್ರ ಈಚೆಗೆ ವಾರವಾರ ಬರ್ತಾನೆ. ಎಷ್ಟು ವರ್ಷ ಈ ಕಡೆ ತಲೆ ಹಾಕಿರ್ಲಿಲ್ಲ! ಕೊನೆಗೂ ಅಕ್ಕ ನೆನಪಾದ್ಲು." ಅವರ ಮುಖ ಅರಳಿತು.

"ಬೇರೇನಾದ್ರೂ ವಿಚಿತ್ರ?"

"ಹೋದ ವಾರ ಕತ್ತೆ ತಲೆಕೆಳಗಾಗಿತ್ತು, ಕಾಲು ಮೇಲೆ. ಧೂಳು ಒರೆಸಿ ಹಾಗಿಟ್ಟಿದೀಯ ಅಂತ ನರ್ಸಮ್ಮಂಗೆ ಬೈದೆ. ಮುಟ್ಟೇ ಇಲ್ಲ ಅಂತ ಅತ್ತಳು, ಪಾಪ."

ಕೋರ್ಟಣ್ಣ ಮಂಚದ ಪಕ್ಕದ ಕುರ್ಚಿಯನ್ನು ನೋಡುತ್ತಿದ್ದ. ಅದು ಮಂಚಕ್ಕೆ ಬೆನ್ನು ಮಾಡಿ, ಬೀರುವಿನತ್ತ ತಿರುಗಿತ್ತು.

ಮರುದಿನ ಮೂವರನ್ನೂ ಅದೇ ಕೋಣೆಗೆ ಕರೆಸಿದೆವು.

"ಕಣ್ಣಿಗೆ ಔಷಧಿ ಹಾಕೋಳು ನಾನು, ಮಣ್ಣೆರಚೋಳಲ್ಲ!" ನರ್ಸಮ್ಮ ಮೊದಲೇ ಗುಡುಗಿದಳು.

"ಪ್ರದರ್ಶನಕ್ಕೆ ಆ ಚಿತ್ರ ಎರವಲು ಕೇಳ್ದೆ, ಇವರು ಆಗಲ್ಲ ಅಂದ್ರು. ನಿಂತಲ್ಲೇ ಮಾತಾಡಿ ಹೋದೆ," ಎಂದರು ಗ್ಯಾಲರಿಯವರು.

ತಮ್ಮ ಕಿಟಕಿಯಾಚೆ ನೋಡುತ್ತಿದ್ದ.

"ಚಿತ್ರ ತಲೆಕೆಳಗಾದ ದಿನದಿಂದ ಶುರು ಮಾಡೋಣ," ಕೋರ್ಟಣ್ಣ ಹೇಳಿದ. "ಗ್ಯಾಲರಿಯವರು ಆಗಿನ್ನೂ ಈ ಮನೆ ನೋಡಿರ್ಲಿಲ್ಲ. ನರ್ಸಮ್ಮ ಎಷ್ಟೇ ಅವಸರದಲ್ಲಿ ಒರೆಸಿದ್ರೂ ಕತ್ತೆ ಕಾಲ ಮೇಲೇ ನಿಲ್ತಿತ್ತು. ನಮಗೆಲ್ಲ ಮೊದಲು ಕಾಣೋದು ಕತ್ತೆ. ಕತ್ತೆ ಮರೆತು ಬಣ್ಣ ಮಾತ್ರ ನೋಡ್ಬೇಕು ಅನ್ನೋನು ಬೇಕಂತಲೇ ತಿರುಗಿಸ್ತಾನೆ. ಅವನ ಕಣ್ಣಿಗೆ ಅದು ತಪ್ಪಾಗಿ ಕಾಣೋದೇ ಇಲ್ಲ, ಹಾಗೇ ಬಿಟ್ಟು ಹೋಗ್ತಾನೆ. ಇನ್ನು ಈ ಕುರ್ಚಿ. ಟೀಚರಮ್ಮ ಕೂರೋದು ಮಂಚದ ಮೇಲೆ, ನರ್ಸಮ್ಮ ಕೂರೋಳಲ್ಲ, ಗ್ಯಾಲರಿಯವರು ಕೂರ್ಲಿಲ್ಲ. ಕೂತು, ಅಕ್ಕನಿಗೆ ಬೆನ್ನು ಹಾಕಿ, ಅದನ್ನೇ ನೋಡಿದವರು..."

"ಸಾಕು," ಎಂದ ತಮ್ಮ. ಹೊರಗೆ ಹೋಗಿ, ಕಾರಿನಿಂದ ಬಟ್ಟೆ ಸುತ್ತಿದ ಚಿತ್ರ ತಂದ.

"ಕೇಳಬಹುದಿತ್ತಲ್ಲೋ," ಎಂದರು ಟೀಚರಮ್ಮ.

"ಹೇಗೆ ಕೇಳ್ಲಿ? ನನ್ನ ಚಿತ್ರಕ್ಕೆ ಯಾವ ಪ್ರಾಣಿ, ಯಾವ ಊರೂ ಬೇಡ ಅಂತ ಇಷ್ಟು ವರ್ಷ ಭಾಷಣ ಬಿಗಿದೋನು ನಾನು. ತಿರುಗಿಸಿ ನೋಡಿದ್ರೆ ಆ ಬೂದು, ಆ ಮಾಸಲು ಹಳದಿ, ಎಲ್ಲಾ ಇಲ್ಲೇ ಇತ್ತು. ಆಮೇಲೆ ಬರೆದದ್ದೆಲ್ಲ ಇದನ್ನೇ ಅಕ್ಕ. ಕತ್ತೆ ಮಾತ್ರ ಇರ್ಲಿಲ್ಲ. ಈಗ ಹೊಸದೇನೂ ಕೈಗೆ ಬರ್ತಿಲ್ಲ. ಇವ್ರು ಕೇಳಿ ಹೋದ್ರು ಅಂತ ನೀನು ಹೇಳಿದಾಗ, ಕೈ ತಪ್ಪಿ ಹೋಗುತ್ತೆ ಅಂತ ಭಯ ಆಯ್ತು."

"ಹಾಗಾದ್ರೆ ನೀನು ಬರ್ತಿದ್ದದ್ದು ಇದನ್ನ ನೋಡೋಕೆ."

ಟೀಚರಮ್ಮ ಕತ್ತೆಯ ಕಿವಿಯನ್ನೊಮ್ಮೆ ಬೆರಳಲ್ಲಿ ಮುಟ್ಟಿ, ಚಿತ್ರವನ್ನು ತಮ್ಮನ ಕೈಗೆ ಇಟ್ಟರು. "ತಗೊಂಡು ಹೋಗು."

ಮೆಟ್ಟಿಲು ಹತ್ತುವಾಗ ಕೋರ್ಟಣ್ಣ ಹೇಳಿದ: "ಇದನ್ನ ಪತ್ತೆ ಮಾಡಬಾರದಿತ್ತು ಕಣಯ್ಯ." ಆ ದಿನ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಮುಂದಿನ ವಾರ ಟೀಚರಮ್ಮನಿಗೆ ಹಾಲು ಕೊಡಲು ಕೆಳಗಿಳಿದಿದ್ದೆ. ಬಾಗಿಲಲ್ಲಿ ತಮ್ಮ ನಿಂತಿದ್ದ, ಬರಿಗೈಯಲ್ಲಿ.

"ಇನ್ನೇನು ಉಳಿದಿದೆ ಇಲ್ಲಿ?" ಒಳಗಿನಿಂದ ಟೀಚರಮ್ಮ ಕೇಳಿದರು.

ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ.

"ಏನಿಲ್ಲಕ್ಕ. ಸುಮ್ನೆ ಬಂದೆ."