ಒಲೆಯ ಮುಂದಿನ ಎರಡೆಳೆ

ಮೊದಲನೇ ದೋಸೆ ಕಾವಲಿಯನ್ನು ಬಿಡಲಿಲ್ಲ.

ಎರಡನೆಯದೂ ಬಿಡಲಿಲ್ಲ. ಮೂರನೆಯದು ಚಿಂದಿಚಿಂದಿಯಾಗಿ ಎದ್ದು ಬಂತು. ಆಮೇಲೆ ಅಡುಗೆಮನೆಯಿಂದ ಒಂದು ಕೂಗು ಕೇಳಿತು. ಸಾವಾದ ಮನೆಯಲ್ಲಿ ಕೂಗುತ್ತಾರಲ್ಲ, ಅಂಥ ಕೂಗು.

"ಅಯ್ಯೋ, ಯಾರೋ ನನ್ನ ಕಾವಲಿ ಉಜ್ಜಿಬಿಟ್ಟಿದಾರೆ!"

ಭಾನುವಾರ, ಬೆಳಿಗ್ಗೆ ಎಂಟೂ ಹತ್ತು. ಸಾವಿರದ ಒಂಬೈನೂರ ಅರವತ್ತಮೂರನೇ ಇಸವಿ. ಜಯನಗರ ಮೂರನೇ ಬ್ಲಾಕಿನ ಗಂಗಾಧರಯ್ಯನ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೂತವರ ಬೆನ್ನಿಗೆ ನಿಂತವರು, ನಿಂತವರ ಹಿಂದೆ ಬೀದಿಯವರೆಗೂ ಕಾದವರು. ಫ್ಯಾಮಿಲಿ ರೂಮಿನ ಪರದೆ ಸರಿಸಿ ಮೊದಲು ಇಣುಕಿದವಳು ಕಾತ್ಯಾಯಿನಿ. ತಿಪಟೂರಿನಿಂದ ಗಂಡನ ಜೊತೆ ತಂಗಿಯ ಮನೆಗೆ ಬಂದು ಅವಳಿಗೆ ಅದು ಮೂರನೇ ದಿನ.

"ಕೂತ್ಕೊಳೇ, ನಮಗ್ಯಾಕೆ ಊರ ಉಸಾಬರಿ," ಅಂದ ಗಂಡ ಶಾಮಣ್ಣ.

"ಹಸ್ಕೊಂಡು ಕೂತಿದೀರಲ್ಲ, ದೋಸೆ ಯಾಕೆ ಬರಲಿಲ್ಲ ಅಂತ ನೋಡಬಾರದೇ?"

ಎದ್ದೇಬಿಟ್ಟಳು. ತಿಪಟೂರಿನ ಅವಳ ಬೀದಿಯಲ್ಲಿ ಯಾರ ಮನೆಯ ಚೊಂಬು ಕಳೆದರೂ ಜನ ಠಾಣೆಗೆ ಹೋಗುತ್ತಿರಲಿಲ್ಲ. ಕಾತ್ಯಾಯಿನಿಯ ಜಗಲಿಗೆ ಬರುತ್ತಿದ್ದರು.

* * *

ಈ ಹೋಟೆಲಿಗೆ ಬಂದದ್ದಕ್ಕೂ ಒಂದು ಕಥೆಯಿದೆ.

ಹಿಂದಿನ ಸಂಜೆ ತಂಗಿ ಚೂಡಾಮಣಿಯ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಶಾಮಣ್ಣ ಮೂರನೇ ಸಲ ಸಾರು ಹಾಕಿಸಿಕೊಂಡ. ಕೈ ನೆಕ್ಕಿದ. "ಚೂಡಾಮಣಿ, ಇದು ಸಾರಲ್ಲಮ್ಮ, ಅಮೃತ," ಅಂದ.

ಕಾತ್ಯಾಯಿನಿ ಎತ್ತಿದ ತುತ್ತನ್ನು ಎಲೆಗೇ ಹಾಕಿದಳು. ಇಪ್ಪತ್ತೆರಡು ವರ್ಷದಿಂದ ಈ ಮನುಷ್ಯನಿಗೆ ಸಾರು ಬಡಿಸುತ್ತಿದ್ದಾಳೆ. ಅವನು ಬಾಯಿಬಿಟ್ಟು ಹೇಳಿದ ಹೊಗಳಿಕೆ ಅಂದರೆ "ಉಪ್ಪು ಸರಿಯಾಗಿದೆ." ತಂಗಿಗೆ ಹೊಸ ಮನೆ ಆಯಿತು. ಅಡುಗೆಮನೆಯೊಳಗೇ ನಲ್ಲಿ ಬಂತು. ಮುಖ ಕಾಣುವಷ್ಟು ನುಣುಪಾದ ನೆಲ ಬಂತು. ಅದೆಲ್ಲ ಹೋಗಲಿ ಅಂದರೆ, ಈಗ ಸಾರೂ ಅವಳದೇ ಆಯಿತಲ್ಲ!

"ನಾಳೆ ಭಾನುವಾರ," ಅಂದಳು ಕಾತ್ಯಾಯಿನಿ, ದನಿಗೆ ಬೆಲ್ಲ ಸವರಿ. "ಪಾಪ ಚೂಡಿಗೂ ಒಲೆಯಿಂದ ಬಿಡುವು ಬೇಡವೇ? ಬೆಳಿಗ್ಗೆ ಹೋಟ್ಲಿಗೆ ಹೋಗೋಣ."

ಯಾವ ಹೋಟೆಲು? ಅಲ್ಲಿಂದ ಜಗಳ ಶುರುವಾಯಿತು. ತಂಗಿಯ ಗಂಡ ಅನಂತರಾಮು, "ವಿಲ್ಸನ್ ಗಾರ್ಡನ್ನಿಗೆ ಹೋಗೋಣ ಅತ್ತಿಗೆ, ಅಲ್ಲಿ ಪೂರಿ ಸಾಗು ಸಖತ್ತಾಗಿರತ್ತೆ," ಅಂದ.

"ಬಸ್ಸಿಗೆ ಕಾದು ಹೋಗೋ ಹೊತ್ತಿಗೆ ಹನ್ನೊಂದಾಗತ್ತೆ, ಆಮೇಲೆ ಪೂರಿ ಬದಲು ಊಟಾನೇ ಮಾಡ್ಬಹುದು," ಅಂದಳು ಚೂಡಾಮಣಿ. "ಇಲ್ಲೇ ಗುಂಡಣ್ಣನ ಹೊಸ ಹೋಟ್ಲಿದೆ. ಫ್ಯಾನಿದೆ, ರೇಡಿಯೋ ಇದೆ."

"ರೇಡಿಯೋನ ಚಟ್ನೀಲಿ ಅದ್ದಿ ತಿಂತೀಯಾ? ಅದರ ಎದುರಿಗೇ ಗಂಗಾಧರಯ್ಯನ ಹೋಟ್ಲು. ಅಲ್ಲಿ ಸೇತುರಾಮ ಹುಯ್ಯೋ ದೋಸೆ ತಿನ್ನದೆ ಊರಿಗೆ ವಾಪಸ್ ಹೋದ್ರೆ ಬೆಂಗಳೂರು ನೋಡಿದ ಹಾಗಲ್ಲ ಭಾವ," ಅಂದ ಅನಂತರಾಮು.

ಶಾಮಣ್ಣನಿಗೆ ಅಷ್ಟು ಸಾಕಾಗಿತ್ತು. ಸೇತುರಾಮನ ದೋಸೆಯೇ ಗೆದ್ದಿತು.

ಬೆಳಿಗ್ಗೆ ಹೊರಡುವಾಗ ಚೂಡಾಮಣಿ ಕಪಾಟನ್ನೆಲ್ಲ ತಡಕಾಡುತ್ತಿದ್ದಳು. "ಅಕ್ಕ, ನನ್ನ ಸಾರಿನ ಪುಡಿ ಡಬ್ಬ ಕಂಡ್ಯಾ?"

"ಬಂದ್ಮೇಲೆ ಹುಡುಕುದ್ರಾಯ್ತು ಬಾರೇ," ಅಂದಳು ಕಾತ್ಯಾಯಿನಿ, ಸೆರಗು ಸರಿಮಾಡಿಕೊಳ್ಳುತ್ತ.

ಹೋಟೆಲಿನ ಹೊಸಿಲಲ್ಲಿ ಅವಳ ಕಾಲು ಒಂದು ಗಳಿಗೆ ನಿಂತಿತು. ರಂಗೋಲಿಯ ಎರಡೆಳೆ, ದಾರ ಹಿಡಿದು ಎಳೆದ ಹಾಗೆ ನೇರ. ತುದಿಯಲ್ಲಿ ಬಸವನಹುಳುವಿನಂಥ ಪುಟ್ಟ ಸುರುಳಿ. ಯಾರದಪ್ಪಾ ಈ ಕೈ, ಅಂತ ಹೊಟ್ಟೆಕಿಚ್ಚಿನಿಂದಲೇ ಬಗ್ಗಿ ನೋಡಿದಳು. ಗೋಡೆಯ ಕಪ್ಪು ಹಲಗೆಯಲ್ಲಿ ದಪ್ಪ ಅಕ್ಷರ: "ಸೇತುರಾಮನ ದೋಸೆ". ಅದರ ಕೆಳಗೆ "ಇಡ್ಲಿ" ಅಂತ ಇದ್ದದ್ದನ್ನು ಯಾರೋ ಯಾವಾಗಲೋ ಒರೆಸಿದ್ದರು. ಒರೆಸಿದ ಬಿಳಿ ಮಸುಕು ಮಾತ್ರ ಉಳಿದಿತ್ತು.

* * *

ಅಡುಗೆಮನೆಯಲ್ಲಿ ಸೇತುರಾಮ ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ಕೈಯಿಟ್ಟುಕೊಂಡಿದ್ದ. ಮುಂದೆ ಆ ಕಾವಲಿ. ಹನ್ನೊಂದು ವರ್ಷ ಎಣ್ಣೆ ಕುಡಿದು ಕನ್ನಡಿಯ ಹಾಗೆ ಕಪ್ಪಗಾಗಿದ್ದ ಕಬ್ಬಿಣ. ಅದಕ್ಕೆ ನೀರು ಸೋಕಿಸುವಂತಿಲ್ಲ, ಪುಡಿ ಹಾಕಿ ಉಜ್ಜುವಂತಿಲ್ಲ. ಆ ಕಪ್ಪು ಹೋದರೆ ಯಾವ ಹಿಟ್ಟೂ ಏಳುವುದಿಲ್ಲ. ಈಗ ನಡುಮಧ್ಯೆ ಕಪ್ಪೆಲ್ಲ ಹೋಗಿ ಬೂದುಬಣ್ಣ ಕಾಣುತ್ತಿತ್ತು. ಉಜ್ಜಿದವರು ಮೇಲೆ ಎಣ್ಣೆ ಸವರಿಟ್ಟಿದ್ದರು. ಮಿಣುಕು ಬಲ್ಬಿನ ಬೆಳಕಿನಲ್ಲಿ ಸೇತುರಾಮನಿಗೆ ಗೊತ್ತಾಗಿರಲಿಲ್ಲ.

"ಹನ್ನೊಂದು ವರ್ಷ ಅನ್ನ ಹಾಕಿದೀನಲ್ಲೋ!" ಗಂಗಾಧರಯ್ಯ ಕಿರುಚುತ್ತಿದ್ದ. "ಗುಂಡಣ್ಣ ಏನು ಆಸೆ ತೋರಿಸಿದ, ಹೇಳು! ನೆನ್ನೆ ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಅವನ ಜೊತೆ ಪಿಸಪಿಸ ಅಂತಿದ್ದೆಯಲ್ಲ, ನೋಡಿಲ್ಲ ಅಂದ್ಕೊಂಡ್ಯಾ?"

"ಕರೆದಿದ್ದು ನಿಜ ಸ್ವಾಮಿ. ಬರಲ್ಲ ಅಂದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಸೇತುರಾಮ ತಲೆ ತಗ್ಗಿಸಿದ.

"ಗಂಟು ಕಟ್ಟು. ಪೊಲೀಸರಿಗೆ ಹೇಳಿಕಳಿಸ್ತೀನಿ. ಈ ಊರಲ್ಲಿ ಇನ್ನು ಯಾರೂ ನಿನ್ನನ್ನ ಒಲೆ ಮುಂದೆ ನಿಲ್ಲಿಸಬಾರದು, ಹಾಗೆ ಮಾಡ್ತೀನಿ!"

ಹೋಟೆಲಿನ ಹಿಂದೆಯೇ ಅವರ ಮನೆ. ನಡುಬಾಗಿಲಲ್ಲಿ ಗಂಗಾಧರಯ್ಯನ ಹೆಂಡತಿ ಲಕ್ಷ್ಮಿದೇವಮ್ಮ ನಿಂತಿದ್ದಳು. "ಅಷ್ಟು ದೊಡ್ಡ ಮಾತು ಯಾಕ್ರೀ..." ಅಂದಳು, ಮೆಲ್ಲಗೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಕಾತ್ಯಾಯಿನಿ ಕೇಳಿಸಿಕೊಂಡಳು. ಬಗ್ಗಿ ಕಾವಲಿಯ ಅಂಚನ್ನು ಉಗುರಿನಿಂದ ಕೆರೆದಳು. ಮೂಸಿದಳು. ನಾಲಿಗೆಗೆ ಮುಟ್ಟಿಸಿದಳು.

"ಹುಣಸೆಹಣ್ಣು," ಅಂದಳು.

"ನೀವ್ಯಾರಮ್ಮ?" ಅಂದ ಗಂಗಾಧರಯ್ಯ.

"ದೋಸೆಗೆ ಕಾದು ಕೂತವಳು. ಒಂದು ಅರ್ಧ ಗಂಟೆ ಕೊಡಿ ಸ್ವಾಮಿ. ಪೊಲೀಸರೇನು ಓಡಿಹೋಗಲ್ಲ."

* * *

ಎದುರು ಹೋಟೆಲಿನ ಗುಂಡಣ್ಣ ತಾನಾಗಿಯೇ ತಮಾಷೆ ನೋಡಲು ಬಂದಿದ್ದ. ಕಾತ್ಯಾಯಿನಿ ನೇರವಾಗಿ ಕೇಳಿದಳು. ಅವನು ಹೊಟ್ಟೆ ಕುಣಿಸಿ ನಕ್ಕ.

"ಅಲ್ಲಮ್ಮ, ನಾನು ಕದಿಯೋದಾದ್ರೆ ಅಡುಗೆಯವನ್ನೇ ಕದೀತೀನಿ. ಎರಡು ತಿಂಗಳಿಂದ ಅವನ ಹಿಂದೆ ಸುತ್ತುತಾ ಇದೀನಿ. ನಾಳೆ ಬಂದ್ರೆ ಆ ಕಾವಲೀನೂ ಹೊತ್ಕೊಂಡು ಬಾ ಅಂದಿದ್ದೆ. ಅದನ್ನೇ ಹಾಳು ಮಾಡ್ತೀನಾ? ನನಗೇನು ಹುಚ್ಚೇ?"

ಮಾತು ಸರಿಯಾಗಿತ್ತು. ಸೇತುರಾಮನಿಗೂ ಅದೇ ಲೆಕ್ಕ. ಬಿಟ್ಟುಹೋಗುವವನು ತನ್ನ ಕೈಯನ್ನೇ ಕಡಿದುಕೊಂಡು ಹೋಗುತ್ತಾನೆಯೇ?

ಹಾಗಾದರೆ ಪಾತ್ರೆ ತೊಳೆಯುವ ಮರಿಯಮ್ಮ ಗೊತ್ತಿಲ್ಲದೆ ಉಜ್ಜಿಬಿಟ್ಟಳೇ? ಅವಳು ಹಿತ್ತಲ ಕಲ್ಲಿನ ಹತ್ತಿರ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನನ್ನ ಕೇಳ್ತೀರಾ ಅಕ್ಕ? ಆ ಹೊಸಿಲು ದಾಟೋಕೆ ನನ್ನ ಬಿಟ್ಟೋರು ಯಾರು? ಪಾತ್ರೆ ಹೊರಕ್ಕೆ ಇಡ್ತಾರೆ, ತೊಳ್ದು ಬೋರಲು ಹಾಕ್ತೀನಿ. ಅದೂ ಬೂದೀಲಿ, ಇಟ್ಟಿಗೆ ಪುಡೀಲಿ. ಹುಣಸೆಹಣ್ಣಂತೆ! ಅದು ಉಗ್ರಾಣದಾಗೈತೆ, ಬೀಗ ಹಾಕ್ಕೊಂಡು. ಬೀಗದ ಕೈ ಅಮ್ಮಾವ್ರ ಸೊಂಟದಾಗೈತೆ."

ಕಾತ್ಯಾಯಿನಿ ಮತ್ತೆ ಒಲೆಯ ಹತ್ತಿರ ಬಂದಳು. "ಸೇತುರಾಮಪ್ಪ, ನೆನ್ನೆ ಎಷ್ಟೊತ್ತಿಗೆ ಹೋದ್ರಿ?"

"ಮಧ್ಯಾಹ್ನ ಹನ್ನೆರಡಕ್ಕೆ ತಾಯಿ. ಕಾವಲಿಗೆ ಎಣ್ಣೆ ಸವರಿ ಕತ್ರಿಗುಪ್ಪೆಗೆ ಹೋದೆ, ನನ್ನ ರೂಮು ಅಲ್ಲೇ. ಸಂಜೆ ಇಲ್ಲಿ ಬರೀ ಕಾಫಿ, ಬೋಂಡ. ಅದು ಬೇರೆ ಒಲೆ."

"ಬೆಳಿಗ್ಗೆ ಈ ಒಲೆಗೆ ರಂಗೋಲಿ ಹಾಕ್ತೀರಾ?"

"ನನಗೆಲ್ಲಿ ಬರ್ಬೇಕು ಅದು! ಕುಂಕುಮ ಇಟ್ಟು ಕೈ ಮುಗೀತೀನಿ."

ಒಲೆಯ ಬುಡದಲ್ಲಿ ಒಟ್ಟಿದ್ದ ಸೌದೆಯನ್ನು ಅವಳು ಸರಿಸಿದಳು. ಬೂದಿ ಊದಿದಳು. ಸೆಗಣಿಯಲ್ಲಿ ಹಸನಾಗಿ ಸಾರಿಸಿದ ನೆಲ. ಅದರ ಮೇಲೆ ಎರಡೆಳೆ, ದಾರ ಹಿಡಿದು ಎಳೆದ ಹಾಗೆ. ತುದಿಯಲ್ಲಿ ಪುಟ್ಟ ಸುರುಳಿ.

ಕಾತ್ಯಾಯಿನಿ ಎದ್ದಳು. ಲಕ್ಷ್ಮಿದೇವಮ್ಮನ ಮುಖ ನೋಡಿದಳು. "ಒಂದು ಲೋಟ ನೀರು ಕೊಡ್ತೀರಾ ಅಮ್ಮ?"

* * *

ಒಳಮನೆಯ ಮೂಲೆಯಲ್ಲಿ ದೊಡ್ಡ ಕೊಳಗವಿತ್ತು. ಮುಚ್ಚಳವನ್ನು ಎತ್ತಿಕೊಂಡು ಇಡ್ಲಿ ಹಿಟ್ಟು ಉಕ್ಕಿನಿಂತಿತ್ತು. ಗಂಡ ಹೆಂಡತಿ ಇಬ್ಬರೇ ಇರುವ ಮನೆ. ನೂರು ಜನಕ್ಕಾಗುವ ಹಿಟ್ಟು.

"ನೀವೇ ಹೇಳ್ತೀರಾ, ನಾನು ಹೇಳಲಾ?" ಅಂದಳು ಕಾತ್ಯಾಯಿನಿ.

ಲಕ್ಷ್ಮಿದೇವಮ್ಮ ಲೋಟ ಕೆಳಗಿಟ್ಟು, ಉಕ್ಕಿದ ಹಿಟ್ಟಿನ ಮೇಲೆ ಮುಚ್ಚಳ ಒತ್ತಿದಳು. ಗಂಗಾಧರಯ್ಯ ಹಿಂದೆಯೇ ಬಂದು ನಿಂತಿದ್ದ, ಅವನ ಹಿಂದೆ ಗಂಟು ಹಿಡಿದ ಸೇತುರಾಮ.

"ಹೊರಗಿನೋರು ಹಾಳು ಮಾಡೋಕೆ ಬಂದಿದ್ರೆ ಸುತ್ತಿಗೆ ತರ್ತಿದ್ರು ಸ್ವಾಮಿ," ಅಂದಳು ಕಾತ್ಯಾಯಿನಿ. "ಇದು ಹುಣಸೆಹಣ್ಣಿನ ಕೆಲಸ. ಹುಣಸೆಹಣ್ಣು ಬೀಗದೊಳಗೆ. ನಿಮ್ಮ ಮನೆಯೋರು ನೆನ್ನೆ ಮಧ್ಯಾಹ್ನ ಕಾವಲಿ ಉಜ್ಜಿದ್ರು. ಚೆಲ್ಲಿದ್ದನ್ನೆಲ್ಲ ಒರೆಸಿ, ನೆಲ ಸಾರಿಸಿದ್ರು. ಅಲ್ಲಿಗೆ ಬಿಟ್ಟು ಬಂದಿದ್ರೆ ನನಗೇನೂ ಗೊತ್ತಾಗ್ತಿರಲಿಲ್ಲ. ಆದರೆ ಸಾರಿಸಿದ ಒಲೆ ಮುಂದೆ ಎಳೆ ಬಿಡದೆ ಹೆಂಗಸು ಹೇಗೆ ಎದ್ದು ಬರ್ತಾಳೆ? ಬರೀ ಸಾರಿಸಿ ಬಿಡೋದು ಹೆಣ ಹೋದ ಮನೇಲಿ. ಕಾವಲಿ ಮೇಲೆ ಅವರಿಗೆ ಸಿಟ್ಟಿತ್ತು. ಒಲೆಗೆ ಕೇಡು ಬಯಸೋಕೆ ಕೈ ಬರಲಿಲ್ಲ. ಆ ಸುರುಳಿ ನಿಮ್ಮ ಹೊಸಿಲಲ್ಲೂ ಇದೆ, ನೋಡಿ. ಮತ್ತೆ ಈ ಹಿಟ್ಟು. ಇವತ್ತು ದೋಸೆ ಏಳಲ್ಲ ಅಂತ ನೆನ್ನೇನೇ ಗೊತ್ತಿದ್ದೋರು ರುಬ್ಬಿದ ಹಿಟ್ಟು ಇದು."

ಗಂಗಾಧರಯ್ಯ ಹೆಂಡತಿಯನ್ನು ನೋಡಿದ. "ನೀನಾ?"

"ಹೂಂ, ನಾನೇ!" ಲಕ್ಷ್ಮಿದೇವಮ್ಮ ಒಮ್ಮೆಗೇ ಸಿಡಿದಳು. "ಈ ಹೋಟ್ಲು ಶುರುವಾಗಿದ್ದು ಯಾವುದರಿಂದ? ಇದೇ ಜಗಲೀಲಿ ನನ್ನ ಇಡ್ಲಿ ಮಾರಿ ಅಲ್ವಾ? ಇವನು ಬಂದ. ಸೇತುರಾಮ, ಸೇತುರಾಮ! ಇಡ್ಲಿ ಯಾರು ಕೇಳ್ತಾರೆ ಅಂತ ಹಲಗೆ ಮೇಲಿಂದ ನೀವೇ ಒರೆಸಿದ್ರಿ. ತಡ್ಕೊಂಡೆ. ನೆನ್ನೆ ಪೇಂಟರನ್ನ ಕರೆಸಿ ಬಾಗಿಲ ಮೇಲೆ ದೊಡ್ಡದಾಗಿ ಅವನ ಹೆಸರು ಬರೆಸ್ತೀನಿ ಅಂದ್ರಲ್ಲ, ನನ್ನನ್ನ ಒಂದು ಮಾತು ಕೇಳಿದ್ರಾ? ಒಂದೇ ಒಂದು ಭಾನುವಾರ ಜನ ನನ್ನ ಇಡ್ಲಿ ತಿನ್ನಲಿ ಅಂತ..." ಅವಳ ದನಿ ಒಡೆಯಿತು. "ಇವನನ್ನ ಓಡಿಸಬೇಕು ಅಂತ ಅಲ್ಲ. ದೇವರಾಣೆ ಅಲ್ಲ."

ಹೊರಗೆ ಜನ ಮೇಜು ಬಡಿಯುತ್ತಿದ್ದರು.

ಮೊದಲು ಅಲುಗಿದವನು ಸೇತುರಾಮ. ಗಂಟು ಕೆಳಗಿಟ್ಟ. "ನನಗೆ ಒಂದು ಮಾತು ಹೇಳಿದ್ರೆ ನಾನೇ ಒಂದು ದಿನ ರಜ ಹಾಕ್ತಿದ್ನಲ್ಲ ಅಮ್ಮ," ಅಂದ. ಅವನ ಕಣ್ಣಲ್ಲಿ ನೀರಿತ್ತು. "ಇದು ಮತ್ತೆ ಕಪ್ಪಾಗೋಕೆ ಮೂರು ವಾರ ಬೇಕು. ಅಲ್ಲೀತನಕ ಏನು ಕೊಡ್ತೀರಿ ಜನಕ್ಕೆ? ತನ್ನಿ, ಕೊಳಗ ಎತ್ತೋಣ."

ಗಂಗಾಧರಯ್ಯ ಸೀಮೆಸುಣ್ಣ ಹುಡುಕಿದ. ಕಪ್ಪು ಹಲಗೆಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಬರೆದ: "ಲಕ್ಷ್ಮಿದೇವಮ್ಮನ ಇಡ್ಲಿ". ಅವನ ಕಿವಿ ಕೆಂಪಗಾಗಿತ್ತು.

ಹತ್ತೂವರೆಗೆ ಕೊಳಗ ಖಾಲಿಯಾಯಿತು. ಗುಂಡಣ್ಣನೂ ಎರಡು ಪ್ಲೇಟು ಹೊಡೆದು ಹೋದ.

* * *

ದಾರಿಯಲ್ಲಿ ಶಾಮಣ್ಣ ಕೇಳಿದ. "ರಂಗೋಲಿ ಕಂಡಿತು, ಸರಿ. ಆದ್ರೆ ಆ ಪಾಪದ ಹೆಂಗಸಿನ ಮೇಲೆ ನಿನಗೆ ಗುಮಾನಿ ಬಂದಿದ್ದಾದ್ರೂ ಹೇಗೆ?"

ಕಾತ್ಯಾಯಿನಿ ನಡಿಗೆ ಚುರುಕು ಮಾಡಿದಳು. ಮನೆ ಸೇರಿದವಳೇ ತನ್ನ ಟ್ರಂಕು ತೆಗೆದಳು. ರೇಷ್ಮೆ ಸೀರೆಯ ಮಡಿಕೆಯ ಕೆಳಗಿಂದ ಒಂದು ಹಿತ್ತಾಳೆ ಡಬ್ಬ ಹೊರಬಂತು. ಸಾರಿನ ಪುಡಿ. ತಂದು ತಂಗಿಯ ಮುಂದೆ ಇಟ್ಟಳು.

ಚೂಡಾಮಣಿ ಅಕ್ಕನ ಮುಖ ನೋಡಿದಳು. ಡಬ್ಬ ನೋಡಿದಳು. ಘಮ ಹಾರದ ಹಾಗೆ ಅದರ ಮುಚ್ಚಳದ ಸುತ್ತ ಬಿಳಿ ಬಟ್ಟೆ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿತ್ತು.

"ಕದ್ದವಳು ಇಷ್ಟು ಜೋಪಾನ ಮಾಡಿದೀಯಲ್ಲೇ ಅಕ್ಕ!" ಅಂದಳು, ನಗಬೇಕೋ ಅಳಬೇಕೋ ತಿಳಿಯದೆ.

"ಚೆನ್ನಾಗಿರೋ ಪುಡಿ. ಕೆಡಿಸೋಕೆ ಮನಸ್ಸು ಬರಲಿಲ್ಲ ಕಣೇ," ಅಂದಳು ಕಾತ್ಯಾಯಿನಿ. "ಧನಿಯಾ ಎಷ್ಟು ಹಾಕ್ತೀಯಾ, ಹೇಳು."