ನಾಲ್ಕನೇ ಅಧ್ಯಾಯದ ಮಾಹಿತಿದಾರ

"ಒಳಗೆ ಜನ ಇದ್ದಾರೆ! ಬಾಗಿಲು ತೆಗೀರಿ!"

ನಂದಿನಿ ಎರಡೂ ಕೈಗಳಿಂದ ಕಬ್ಬಿಣದ ಬಾಗಿಲು ಬಡಿದಳು. ಹೊರಗೆ ಬೀಗ ಹಾಕಿದ ಸದ್ದು ಆಗಲೇ ಕೇಳಿಸಿತ್ತು. ಕಿಟಕಿ ಇಲ್ಲದ ಕೋಣೆ, ಮೈಯೆಲ್ಲ ಬೆವರು, ಪಕ್ಕದಲ್ಲಿ ಧೂಳು ಹಿಡಿದ ಒಂದು ದೊಡ್ಡ ಯಂತ್ರ.

ಬೀಗ ತೆರೆಯಿತು. ಎದುರಿಗೆ ಇಸ್ತ್ರಿ ಅಂಗಿಯ ಯುವಕನೊಬ್ಬ ಗಾಬರಿಯಿಂದ ನಿಂತಿದ್ದ.

"ಅಯ್ಯೋ ದೇವರೇ! ಯಾರ್ರೀ ನೀವು? ಒಳಗೆ ಎಂತಾ ಮಾಡ್ತಿದ್ರಿ?"

"ಬಾಗಿಲು ತೆರೆದಿತ್ತು, ಬಂದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಬಗ್ಗೆ ಪಿಎಚ್‌ಡಿ ಮಾಡ್ತಿದ್ದೇನೆ. ನೀವು ಯಾರು?"

ಅವನು ತಡವರಿಸಿದ. "ಭರತ. ಇದನ್ನ ಕಟ್ಟಿಸಿದ ಕಂಪನಿಯ ಸಿಎಸ್‌ಆರ್ ಅಧಿಕಾರಿ."

"ಓಹೋ! ಹೊಣೆಗಾರಿಕೆಗೆ ಬೀಗ ಹಾಕೂಕೆ ಬಂದ್ರಾ?"

ಭರತನ ಕಿವಿ ಕೆಂಪಾಯಿತು. ಅಂಕೋಲೆಯಿಂದ ಸುಂಕಸಾಳದ ಕಡೆಗೆ ಹೋಗುವ ಹೆದ್ದಾರಿ ಪಕ್ಕದ ಊರು ಅದು. ಸಿಂಧುತೀರ ಎಂಬ ಕಂಪನಿ ಅಲ್ಲಿ ಕುಡಿಯುವ ನೀರಿನ ಘಟಕ ಕಟ್ಟಿಸಿತ್ತು. ಹೊರಗಿನ ಫಲಕದಲ್ಲಿ ಕೊಡ ಹಿಡಿದ ಹೆಂಗಸರು ಸಾಲಾಗಿ ನಿಂತು ನಗುತ್ತಿದ್ದರು. ಒಳಗಿನ ಯಂತ್ರಕ್ಕೆ ಮಾತ್ರ ಪೈಪೇ ಜೋಡಿಸಿರಲಿಲ್ಲ.

"ನಾಳೆ ಮೇಲಿನವ್ರು ಬರ್ತಾರೆ ಮೇಡಂ. ಒಳಗೆ ನೋಡೂದು ಬೇಡ ಹೇಳಿ..." ಎಂದವನು ಹೇಳಬಾರದ್ದು ಹೇಳಿಬಿಟ್ಟೆ ಎನ್ನುವಂತೆ ತುಟಿ ಕಚ್ಚಿಕೊಂಡ.

'ಪಾಪ, ಇವನಿಗೆ ಸುಳ್ಳು ಹೇಳೋದಕ್ಕೂ ಬರೋದಿಲ್ಲ!' ನಂದಿನಿಗೆ ಸಿಟ್ಟಿನ ನಡುವೆಯೂ ನಗು ಬಂತು. ಆ ನಗುವೇ ಅವಳನ್ನು ಕೆಡಿಸಿತು ಎನ್ನಿ.

ಆಮೇಲೆ ಭರತ ಅವಳನ್ನು ಊರೂರು ಸುತ್ತಿಸಿದ. ಯಾರ ಮನೆಗೆ ಹೋದರೆ ನಿಜ ತಿಳಿಯುತ್ತದೆ ಎಂದು ಹೇಳಿಕೊಟ್ಟ. ಫಲಕದ ಫೋಟೋದಲ್ಲಿ ಕೊಡ ಹಿಡಿದು ನಿಂತಿದ್ದ ಹೊನ್ನಜ್ಜಿ ಎಂಬ ಮುದುಕಿಯ ಮನೆಗೂ ಅವನೇ ಕರೆದುಕೊಂಡು ಹೋದ. ಅಜ್ಜಿ ಮಾತನಾಡುವಾಗ ತಾನು ಹೊರಗೆ ತೆಂಗಿನ ಮರದ ಕೆಳಗೆ ನಿಂತಿದ್ದ.

"ನಿಮ್ಮದೇ ಕಂಪನಿ. ನಿಮಗೆ ಭಯ ಇಲ್ವಾ?" ಒಂದು ದಿನ ಅವಳು ಕೇಳಿದ್ದಳು.

"ಇದೆ. ದಿನಾ ಇದೆ," ಎಂದಿದ್ದ ಅವನು. "ಬೀಗ ಹಾಕಿ ಹಾಕಿ ಸಾಕಾಗಿದೆ ನಂದಿನಿ."

ಮೊದಲ ಸಲ ಮೇಡಂ ಎನ್ನದೆ ಹೆಸರು ಹಿಡಿದು ಕರೆದಿದ್ದ. ಆ ದಿನ ಕಾರವಾರದ ತನ್ನ ಬಾಡಿಗೆ ಕೋಣೆ ತಲುಪುವವರೆಗೂ ಅವಳ ಎದೆ ಡವಗುಟ್ಟುತ್ತಲೇ ಇತ್ತು.

ಆದರೆ ನಂದಿನಿಯ ಕಾಲಿಗೂ ಒಂದು ಹಗ್ಗ ಕಟ್ಟಿತ್ತು. ಅವಳ ಸಂಶೋಧನೆಗೆ ಫೆಲೋಶಿಪ್ ಕೊಡುತ್ತಿದ್ದುದು ಇದೇ ಸಿಂಧುತೀರ! ಪ್ರಬಂಧ ಸಲ್ಲಿಸುವ ಮೊದಲು ಕಂಪನಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು ಎಂಬ ಕರಾರಿಗೆ ಅವಳು ಖುಷಿಯಿಂದಲೇ ಸಹಿ ಹಾಕಿದ್ದಳು. ಅಗಸೂರಿನಲ್ಲಿ ಕೂಲಿನಾಲಿ ಮಾಡಿ ಓದಿಸಿದ ಅವ್ವ ಗಂಗೆಗೆ ಇನ್ನು ಹೊರೆಯಾಗುವುದಿಲ್ಲ ಎನ್ನುವುದಷ್ಟೇ ಆಗ ಅವಳ ತಲೆಯಲ್ಲಿದ್ದುದು.

ನೀರಿನ ಘಟಕದ ನಿಜ ಬರೆದಿದ್ದ ನಾಲ್ಕನೇ ಅಧ್ಯಾಯವನ್ನು ಕಂಪನಿಗೆ ಕಳಿಸಿದ ವಾರವೇ ಮ್ಯಾನೇಜರ್ ದೇವಾನಂದರಿಂದ ಕರೆ ಬಂತು. ಕಾರವಾರದ ಕಚೇರಿಯಲ್ಲಿ ಅವರು ತುಂಬಾ ಮೆತ್ತಗೆ ಮಾತನಾಡಿದರು.

"ಕೂತ್ಕೊಳ್ಳಿ. ನಮ್ಮ ನರ್ಸರಿಯಲ್ಲಿ ಹೊನ್ನು ಅಂತ ಒಬ್ಬಳು ಅಜ್ಜಿ ಗಿಡಕ್ಕೆ ನೀರು ಹಾಕ್ತಾಳಲ್ಲ, ಅವಳಿಗೆ ಸದ್ಯಕ್ಕೆ ಬರೂದು ಬೇಡ ಹೇಳಿದ್ದೇವೆ. ನಿಮ್ಮ ಅಧ್ಯಾಯದಲ್ಲಿ ಮಾತಾಡಿದವಳು ಅವಳೇ ಅಲ್ದಾ?"

ನಂದಿನಿ ಅಜ್ಜಿಯ ಹೆಸರು ಬದಲಿಸಿದ್ದಳು! ಊರನ್ನೂ ಬದಲಿಸಿದ್ದಳು!

"ಈ ಅಧ್ಯಾಯ ತೆಗೀರಿ. ಅಜ್ಜಿ ಕೆಲಸಕ್ಕೆ ಬರ್ಲಿ, ನಿಮ್ಗೆ ಒಪ್ಪಿಗೆ ಪತ್ರ ಸಿಗ್ತದೆ. ಎಲ್ಲರಿಗೂ ಒಳ್ಳೇದು."

ಅಧ್ಯಾಯ ಇಟ್ಟರೆ ಅಜ್ಜಿಯ ಅನ್ನ ಹೋಗುತ್ತದೆ. ತೆಗೆದರೆ ತಾನೂ ಒಂದು ಬಣ್ಣದ ಫಲಕ ಬರೆದಂತೆ. ಯಾವ ಕಡೆ ತಿರುಗಿದರೂ ಗೋಡೆ. ಅಂದು ಯಂತ್ರದ ಕೋಣೆಯಲ್ಲಾದರೂ ಬಡಿಯುವುದಕ್ಕೆ ಒಂದು ಬಾಗಿಲಿತ್ತು.

ಅಜ್ಜಿಯ ಮನೆಗೆ ತಾನು ಹೋದದ್ದು ಒಬ್ಬನಿಗೆ ಮಾತ್ರ ಗೊತ್ತು... ಭರತನಿಗೆ.

ಅವನು ವರಾಂಡದಲ್ಲೇ ಸಿಕ್ಕಿದ.

"ಅಜ್ಜಿಯ ಹೆಸರು ನೀವೇ ಹೇಳಿದ್ದು, ಅಲ್ವಾ?"

ಭರತನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದವನು ಅವಳ ಕಣ್ಣೀರು ಕಂಡು ಸುಮ್ಮನಾದ.

"ಮಾತಾಡಿ ಭರತ! ಇಲ್ಲ ಅನ್ನಿ! ಒಂದೇ ಒಂದು ಸಲ ಇಲ್ಲ ಅನ್ನಿ!"

ಅವನು ಅನ್ನಲಿಲ್ಲ. ತಲೆ ತಗ್ಗಿಸಿ ನಿಂತೇ ಇದ್ದ.

'ನಂಬಿದ್ದೆನಲ್ಲ... ಇವನನ್ನೇ ನಂಬಿದ್ದೆನಲ್ಲ!' ಬಸ್ಸಿನಲ್ಲಿ ಕುಳಿತು ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ನೇರ ಅಗಸೂರಿಗೆ ಹೋದಳು.

ಮರುದಿನ ಬೆಳಿಗ್ಗೆ ಗಂಗೆ ಜಗಲಿಯಲ್ಲಿ ಬಳಚಿನ ಚಿಪ್ಪು ಒಡೆದು ಮಾಂಸ ಬಿಡಿಸುತ್ತಾ ಕೂತಿದ್ದಳು. ಹೊಳೆಯಿಂದ ತಂದ ಹಸಿ ಚಿಪ್ಪುಗಳ ರಾಶಿ ಅವಳ ಮುಂದಿತ್ತು. ಮಗಳ ಊದಿದ ಕಣ್ಣು ನೋಡಿ, "ಎಂತಾ ಬರ್ದೆ ಅಂತದ್ದು? ಓದು, ನಾನೂ ಕೇಳ್ತೆ," ಎಂದಳು.

ನಂದಿನಿ ಓದಿದಳು. "ಮಾಹಿತಿದಾರೆ ಹೇಳಿದ್ದು: ನಮ್ಮ ಕೆಂಪಿ ಆಕಳಾಣೆ, ಫೋಟೋಕ್ಕೆ ಹೇಳಿ ನಾವೆಲ್ಲ ಕೊಡ ಹಿಡ್ಕಂಡು ನಿಂತ್ಕಂಡ್ವು. ಕೊಡದಲ್ಲಿ ಇದ್ದದ್ದು ನಮ್ಮನೆ ಬಾವಿ ನೀರು..."

ಗಂಗೆ ತಲೆ ಎತ್ತದೆಯೇ ನಕ್ಕಳು. "ಇದು ಹೊನ್ನಜ್ಜಿ ಅಲ್ದಾ?"

"ಅವ್ವಾ... ನಿಂಗೆ ಹ್ಯಾಂಗೆ ಗೊತ್ತು?"

"ಕೆಂಪಿ ಆಕಳಾಣೆ ಹಾಕೂದು ಈ ಕಡೆ ಮತ್ಯಾರು? ಅವಳು ಸಂತೆಲಿ ಮೆಣಸಿನಕಾಯಿ ಕೊಳ್ಳೂಕೂ ಕೆಂಪಿ ಆಣೆನೇ ಹಾಕೂದು! ನೀ ಹೆಸರು ಮುಚ್ಚಿ ಮಾತು ಹಾಂಗೇ ಬರ್ದಿದ್ಯಲ್ಲೆ."

ನಂದಿನಿಯ ಕೈಯಿಂದ ಹಾಳೆಗಳು ಜಾರಿದವು. ಮಾಹಿತಿದಾರರ ಹೆಸರು ಗುಟ್ಟಾಗಿರಬೇಕು, ಮಾತು ಒಂದಕ್ಷರವೂ ಬದಲಾಗಬಾರದು... ಪುಸ್ತಕದಲ್ಲಿ ಕಲಿತ ಎರಡು ನಿಯಮ. ಎರಡನ್ನೂ ಚಾಚೂ ತಪ್ಪದೆ ಪಾಲಿಸಿ ಅಜ್ಜಿಯನ್ನು ಹಿಡಿದುಕೊಟ್ಟವಳು ತಾನೇ! ದೇವಾನಂದರೂ ಇದೇ ಸೀಮೆಯವರು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕಂಪನಿಗೆ ಬಂದ ಅಧ್ಯಾಯ ಓದಿದ್ದ ಭರತನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ, ತಪ್ಪು ನಿನ್ನದೇ ಎಂದು ಅವಳ ಮುಖಕ್ಕೆ ಹೇಳಲಾರದೆ ಅಪವಾದ ಹೊತ್ತು ನಿಂತಿದ್ದ!

"ಅಯ್ಯೋ ಅವ್ವಾ... ನಾನು ಎಂತಾ ಮಾತಾಡಿಬಿಟ್ಟೆ!"

"ಆಡಿದ್ದು ಆಯ್ತು. ಹೋಗಿ ಹೇಳು ಅಂವಗೆ," ಎಂದಳು ಗಂಗೆ. ಯಾರಿಗೆ ಎಂದು ಮಗಳು ಹೇಳಿರಲೇ ಇಲ್ಲ. ತಾಯಂದಿರ ಹತ್ತಿರ ಇವೆಲ್ಲ ಎಲ್ಲಿ ಮುಚ್ಚಿಡಲಾಗುತ್ತದೆ?

ಅದೇ ಮಧ್ಯಾಹ್ನ ಮಲ್ಲಾಪುರದಲ್ಲಿ ಅಪ್ಪನ ನೌಕರಿಯ ಕ್ವಾರ್ಟರ್ಸ್‌ನಲ್ಲಿ ಭರತ ಅಂಗಳದ ಹಗ್ಗಕ್ಕೆ ಬಟ್ಟೆ ಒಣಹಾಕುತ್ತಿದ್ದ. ಗೇಟಿನ ಬಳಿ ಅವಳನ್ನು ಕಂಡಾಗ ಅವನ ಕೈಯಲ್ಲಿದ್ದ ಅಪ್ಪನ ಪಂಚೆ ಕೆಳಗೆ ಬಿತ್ತು.

"ನನ್ನ ಕ್ಷಮಿಸಿ," ಎಂದಳು ನಂದಿನಿ.

"ಗೊತ್ತಾಯ್ತಾ?"

"ಗೊತ್ತಾಯ್ತು. ಯಾಕೆ ಸುಮ್ಮನಿದ್ರಿ?"

"ನೀವು ಆಗ್ಲೇ ಅಳ್ತಿದ್ರಿ. ಅದ್ರ ಮೇಲೆ ಅದೂ ಎಂತಕೆ ಹೇಳಿ..."

ಅವಳು ಗೇಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಫೆಲೋಶಿಪ್ ಬಿಡ್ತೇನೆ. ಆಗ ಅವರ ಒಪ್ಪಿಗೆ ಬೇಕಾಗಿಲ್ಲ. ಕಾಲೇಜಲ್ಲಿ ಪಾಠ ಮಾಡ್ಕೊಂಡು ಬರೆದು ಮುಗಿಸ್ತೇನೆ. ಆದರೆ ಅಜ್ಜಿಯ ಮಾತು ಇದ್ದಷ್ಟು ದಿನ ಅಜ್ಜಿಗೆ ಕೆಲಸ ಇಲ್ಲ. ಆ ಮಾತು ತೆಗೆದರೆ ಅಧ್ಯಾಯದಲ್ಲಿ ಸಾಕ್ಷಿಯೇ ಇಲ್ಲ, ಭರತ."

"ಅಜ್ಜಿ ಮಾತು ತೆಗೀರಿ," ಎಂದ ಅವನು. "ನನ್ನ ಮಾತು ಹಾಕಿ. ಪೈಪ್ ಯಾಕೆ ಹಾಕ್ಲಿಲ್ಲ, ಫೋಟೋ ಹ್ಯಾಂಗೆ ತೆಗೆಸಿದ್ವು, ಬೀಗ ಯಾರು ಹಾಕಿದ್ದು... ಎಲ್ಲ ಹೇಳ್ತೇನೆ. ಹೆಸರು ಬದಲಿಸೂದು ಬೇಡ. ಭರತ ಅಂತಲೇ ಬರೀರಿ."

"ನಿಮ್ಮ ಕೆಲಸ?"

"ನಿನ್ನೆ ಸಂಜೆಯೇ ರಾಜೀನಾಮೆ ಕೊಟ್ಟೆ. ಅಜ್ಜಿದು ಒಂದೇ ಮಾತು ಅಧ್ಯಾಯದಲ್ಲಿ, ಉಳಿದದ್ದೆಲ್ಲ ನಾನೇ ತೋರಿಸಿದ್ದು ಹೇಳಿ ದೇವಾನಂದರಿಗೆ ಅಂದೆ. ಸಿಟ್ಟೆಲ್ಲ ನನ್ನ ಮೇಲೆ ತಿರುಗ್ತು; ಅಜ್ಜಿ ಮಾತು ಹೋದ್ರೆ ಅವಳನ್ನ ಕೆಲಸಕ್ಕೆ ಕರೀತಾರಂತೆ. ಅಪ್ಪ ಬೈದ್ರು. ಆಮೇಲೆ ಊಟಕ್ಕೆ ಕರೆದ್ರು." ಅವನು ಸಣ್ಣಗೆ ನಕ್ಕ. "ನಿದ್ದೆ ಮಾತ್ರ ಚೊಲೋ ಬಂತು."

ನಂದಿನಿಯ ಕಣ್ಣು ತುಂಬಿ ಹರಿಯಿತು. ಆದರೂ ಅವಳು ಸಂಶೋಧಕಿ. ನಿಯಮ ಬಿಡುವಂತಿರಲಿಲ್ಲ.

"ಒಂದು ತೊಂದರೆ ಇದೆ."

"ಎಂತದು?"

"ಮಾಹಿತಿದಾರನಿಗೂ ಸಂಶೋಧಕಿಗೂ ಏನಾದರೂ ಸಂಬಂಧ ಇದ್ರೆ ಪ್ರಬಂಧದಲ್ಲಿ ಮೊದಲೇ ಹೇಳಬೇಕು. ಮುಚ್ಚಿಟ್ರೆ ಅದೂ ಅನೀತಿಯೇ."

ಭರತ ಬಿದ್ದ ಪಂಚೆ ಎತ್ತಿಕೊಂಡ. ಅದನ್ನು ಸುಮ್ಮನೆ ಕೊಡವಿದ.

"ಸಂಬಂಧ... ಇದ್ಯಾ?"

"ನೀವು ಇಲ್ಲ ಅಂದ್ರೆ ಬರೆಯೋದಿಲ್ಲ."

"ನಂಗೆ ಸುಳ್ಳು ಹೇಳೂಕೆ ಬರೂದಿಲ್ಲ ನಂದಿನಿ. ನನ್ನ ಕಡೆಯಿಂದ ಇದೆ. ನೀವು ಆ ಬಾಗಿಲು ಬಡಿದ ದಿನದಿಂದ ಇದೆ. ಸಂಶೋಧಕಿ ಕಡೆಯಿಂದ?"

ಅವಳು ಕಣ್ಣೊರೆಸಿಕೊಂಡು ಗೇಟು ತೆರೆದು ಒಳಗೆ ಬಂದಳು.

"ಪ್ರೀತಿಸ್ತಾಳೆ ಅಂತ ಬರೀತೇನೆ. ಪರೀಕ್ಷಕರು ಏನು ಬೇಕಾದ್ರೂ ಅಂದ್ಕೊಳ್ಳಲಿ!"

"ಪರೀಕ್ಷಕರು ಆಮೇಲೆ. ಒಳಗೆ ಅಪ್ಪ ಚಾ ಮಾಡ್ತಿದ್ದಾರೆ, ಮೊದಲು ಅವ್ರಿಗೆ ಹೇಳ್ಬೇಕು."

"ನಂಗೆ ಭಯ ಆಗ್ತದೆ."

"ನಂಗೂ," ಎಂದು ಅವನು ಒದ್ದೆ ಕೈ ಒರೆಸಿಕೊಂಡು ಅವಳ ಕೈ ಹಿಡಿದ. "ಬಾ."